ಬರವಣಿಗೆಯ ಸ್ಥಾನನಿರ್ಣಯ ಪರೀಕ್ಷೆ: ಚಿಂಚೋಳಿ–ಸೇಡಂ ಪ್ರಾಂತದ ವಿದ್ಯಾರ್ಥಿಗಳನ್ನು ಕುರಿತ ಒಂದು ವಿವೇಚನೆ

೧. ವಿಷಯದ ಸ್ವರೂಪ

ಪದವಿ ತರಗತಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗಾಗಿ ನಡೆಸುವ ಪರೀಕ್ಷೆಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಒಂದು ಪ್ರವೇಶ ಪರೀಕ್ಷೆ, ಮತ್ತೊಂದು ಸ್ಥಾನನಿರ್ಣಯ ಪರೀಕ್ಷೆ. ಪ್ರವೇಶ ಪರೀಕ್ಷೆಯು ಬಾಗಿಲಲ್ಲಿ ನಿಂತು, ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹಿಂದಿರುಗಿಸಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಸ್ಥಾನನಿರ್ಣಯ ಪರೀಕ್ಷೆಗೆ ಆ ಅಧಿಕಾರವಿಲ್ಲ. ವಿದ್ಯಾರ್ಥಿಯು ಆಗಲೇ ಒಳಗೆ ಬಂದಿದ್ದಾನೆ. ಅವನಿಗೆ ಯಾವ ಪಾಠದಿಂದ ಆರಂಭಿಸಿದರೆ ಹಿತ, ಎಷ್ಟು ನೆರವು ಬೇಕು ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಮೊದಲನೆಯದು ವಿದ್ಯಾರ್ಥಿಗಳನ್ನು ಆರಿಸುತ್ತದೆ. ಎರಡನೆಯದು ಪಾಠವನ್ನು ಆರಿಸುತ್ತದೆ. ಈ ಭೇದವನ್ನು ಮರೆತರೆ, ನೆರವಿಗೆಂದು ಏರ್ಪಡಿಸಿದ ಪರೀಕ್ಷೆಯು ಶಿಕ್ಷೆಯಾಗಿ ಪರಿಣಮಿಸುತ್ತದೆ.

ಎಲ್ಲ ವಿಷಯಗಳಲ್ಲಿಯೂ ಇಂಥ ಪರೀಕ್ಷೆಯನ್ನು ನಡೆಸಬಹುದಾದರೂ ಬರವಣಿಗೆಯಲ್ಲಿ ಅದಕ್ಕೆ ವಿಶೇಷವಾದ ಮಹತ್ತ್ವವಿದೆ. ಇತಿಹಾಸವಾಗಲಿ ಅರ್ಥಶಾಸ್ತ್ರವಾಗಲಿ, ವಿದ್ಯಾರ್ಥಿಯು ತಾನು ಕಲಿತುದನ್ನು ವರ್ಷಾಂತ್ಯದಲ್ಲಿ ತೋರಿಸಬೇಕಾದುದು ಬರವಣಿಗೆಯ ಮೂಲಕವೇ. ಬರೆಯುವ ಶಕ್ತಿಯಲ್ಲಿ ಕೊರತೆಯಿದ್ದರೆ ಅದು ಎಲ್ಲ ಉತ್ತರಪತ್ರಿಕೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ; ಪರೀಕ್ಷಕರು ಅದನ್ನು ವಿಷಯಜ್ಞಾನದ ಕೊರತೆಯೆಂದೇ ಭಾವಿಸುವುದೂ ಉಂಟು. ಪ್ರಕೃತ ಲೇಖನದಲ್ಲಿ ಈ ಪರೀಕ್ಷೆ ಬೆಳೆದುಬಂದ ಬಗೆ, ಅದರಲ್ಲಿರುವ ತೊಡಕುಗಳು, ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿರುವ ಚಿಂಚೋಳಿ, ಸೇಡಂ, ಚಿತ್ತಾಪುರ ಪ್ರಾಂತದ ವಿದ್ಯಾರ್ಥಿಗಳಿಗೆ ಅದನ್ನು ಹೊಂದಿಸಿಕೊಳ್ಳಬೇಕಾದ ರೀತಿ, ಇವುಗಳನ್ನು ಕ್ರಮವಾಗಿ ವಿವೇಚಿಸುತ್ತೇವೆ.

೨. ಹಿನ್ನೆಲೆ

ಹೊಸ ವಿದ್ಯಾರ್ಥಿಗಳ ಬರವಣಿಗೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಪದ್ಧತಿಯು ಮುಖ್ಯವಾಗಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯವು ೧೮೭೪ರಲ್ಲಿ, ಪ್ರವೇಶಾರ್ಥಿಗಳು ಇಂಗ್ಲಿಷಿನಲ್ಲಿ ಒಂದು ಕಿರು ಪ್ರಬಂಧವನ್ನು ಬರೆಯಬೇಕೆಂದು ವಿಧಿಸಿತು. ಆರಂಭದ ವರ್ಷಗಳಲ್ಲಿ ಅನುತ್ತೀರ್ಣರಾದವರ ಸಂಖ್ಯೆ ದೊಡ್ಡದಾಗಿಯೇ ಇದ್ದಿತು. ೧೮೮೫ರಲ್ಲಿ ಅಲ್ಲಿ ಮೊದಲ ವರ್ಷದವರಿಗಾಗಿಯೇ ಬರವಣಿಗೆಯ ತರಗತಿಯೊಂದು ಏರ್ಪಟ್ಟಿತು. ೧೮೯೮ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ‘ಸಬ್ಜೆಕ್ಟ್ ಎ’ ಎಂಬ ಹೆಸರಿನ ನಿಯಮವನ್ನು ತಂದಿತು. ಬರವಣಿಗೆಯಲ್ಲಿ ಸಾಕಷ್ಟು ಪರಿಶ್ರಮವಿಲ್ಲದವರು ಹೆಚ್ಚಿನ ಪಾಠವನ್ನು ಕಲಿಯಬೇಕೆಂಬುದು ಅದರ ತಾತ್ಪರ್ಯ.

ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಘಟ್ಟವೆಂದರೆ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯದ್ದು. ೧೯೭೦ರಲ್ಲಿ ಆ ಸಂಸ್ಥೆಯು ನಗರದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದ ಸಮಸ್ತರಿಗೂ ಬಾಗಿಲನ್ನು ತೆರೆಯಿತು. ಮನೆಯಲ್ಲಿ ಬೇರೆ ಭಾಷೆಯನ್ನೋ ಇಂಗ್ಲಿಷಿನ ಬೇರೊಂದು ರೂಪವನ್ನೋ ಆಡುತ್ತಿದ್ದ ಸಾವಿರಾರು ಯುವಕ ಯುವತಿಯರು ಒಮ್ಮೆಗೇ ಒಳಬಂದರು. ಅವರ ಬರವಣಿಗೆಯನ್ನು ಕಂಡು ಅನೇಕ ಅಧ್ಯಾಪಕರು ಕೈಚೆಲ್ಲಿದರು. ಅಲ್ಲಿಯ ಸಿಟಿ ಕಾಲೇಜಿನ ಅಧ್ಯಾಪಿಕೆ ಮೀನಾ ಶಾನಸಿ ಅವರು ಮಾತ್ರ ೧೯೭೦ರಿಂದ ೧೯೭೪ರವರೆಗಿನ ಸುಮಾರು ೪,೦೦೦ ಸ್ಥಾನನಿರ್ಣಯ ಪ್ರಬಂಧಗಳನ್ನು ಮುಂದಿಟ್ಟುಕೊಂಡು ತಪ್ಪುಗಳನ್ನು ವರ್ಗೀಕರಿಸಿದರು. ೧೯೭೭ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರಾಂಶವಿಷ್ಟು: ಈ ತಪ್ಪುಗಳು ಅಡ್ಡಾದಿಡ್ಡಿಯಾದುವಲ್ಲ, ಅವುಗಳ ಹಿಂದೆ ಒಂದು ನಿಯಮವಿದೆ, ಒಂದು ತರ್ಕವಿದೆ, ಬರೆದವರು ದಡ್ಡರಲ್ಲ, ಬರಹದ ಅಭ್ಯಾಸಕ್ಕೆ ಹೊಸಬರು. ಪರೀಕ್ಷೆಯ ಉತ್ತರಪತ್ರಿಕೆಯನ್ನು ಅಂಕಗಳಿಗಾಗಿ ಮಾತ್ರವಲ್ಲದೆ ಪಾಠಕ್ಕೆ ಸಾಮಗ್ರಿಯಾಗಿಯೂ ಓದಬಹುದೆಂಬುದನ್ನು ಅವರು ತೋರಿಸಿಕೊಟ್ಟರು.

೩. ನಮ್ಮ ಪ್ರಾಂತದ ಸ್ಥಿತಿ

ಈಗ ನಮ್ಮ ನೆಲಕ್ಕೆ ಬರೋಣ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಗ್ರಾಮದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯ ಹಿಂದೆ ದೀರ್ಘವಾದ ಭಾಷಾಚರಿತ್ರೆಯಿದೆ. ಈ ಪ್ರಾಂತವು ೧೯೪೮ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆಡಳಿತದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಶಿಕ್ಷಣಮಾಧ್ಯಮವೂ ಉರ್ದುವೇ. ಹೀಗಾಗಿ ಉನ್ನತ ವಿದ್ಯೆಯ ಬರವಣಿಗೆಯನ್ನು ಕನ್ನಡದಲ್ಲಿ ಅಭ್ಯಾಸ ಮಾಡುವ ಅವಕಾಶ ಇಲ್ಲಿಯ ಹಲವು ತಲೆಮಾರುಗಳಿಗೆ ದೊರೆಯಲಿಲ್ಲ. ೧೯೫೬ರ ನವೆಂಬರ್ ೧ರಂದು ಈ ಪ್ರದೇಶವು ಮೈಸೂರು ರಾಜ್ಯದಲ್ಲಿ ಸೇರಿತು. ೧೯೭೦ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೂ, ೧೯೮೦ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾನಿಲಯವೂ, ೨೦೦೯ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಈ ಜಿಲ್ಲೆಗೆ ಬಂದುವು. ಬಾಗಿಲುಗಳು ಹೆಚ್ಚಾದುವು, ಆದರೆ ಬಾಗಿಲವರೆಗಿನ ದಾರಿ ಎಲ್ಲರಿಗೂ ಸಮನಾಗಿಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿಯು ೨೦೦೨ರ ತನ್ನ ವರದಿಯಲ್ಲಿ ಅಂದಿನ ೧೭೫ ತಾಲ್ಲೂಕುಗಳಲ್ಲಿ ೧೧೪ನ್ನು ಹಿಂದುಳಿದುವೆಂದು ಗುರುತಿಸಿ, ಚಿಂಚೋಳಿಯನ್ನು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿ ಇರಿಸಿತು. ೨೦೨೫ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆಯು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿದ್ದಿತು.

ಇದಲ್ಲದೆ ಒಂದೇ ತರಗತಿಯಲ್ಲಿ ಹಲವು ಮನೆಮಾತುಗಳು ಕೂಡುತ್ತವೆ. ತೆಲಂಗಾಣದ ಗಡಿ ಹತ್ತಿರವಿರುವುದರಿಂದ ತೆಲುಗು, ಪಟ್ಟಣಗಳಲ್ಲಿ ದಖನಿ ಉರ್ದು, ತಾಂಡಗಳಲ್ಲಿ ಲಂಬಾಣಿ, ಇವುಗಳೊಡನೆ ಕನ್ನಡ. ಲಂಬಾಣಿ ಮನೆಮಾತಿನ ಹುಡುಗಿಗೆ ಶಾಲೆಯ ಕನ್ನಡವು ಎರಡನೆಯ ಭಾಷೆ. ಪುಸ್ತಕದ ಕನ್ನಡ ಮೂರನೆಯದೆಂದರೂ ತಪ್ಪಾಗದು.

ಇಂಥವರನ್ನು ತಕ್ಕ ಪಾಠಕ್ಕೆ ಹಚ್ಚುವ ಸಾಧನಗಳು ನಮ್ಮಲ್ಲಿ ವಿರಳ. ೨೦೨೨ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಕನ್ನಡವೂ ಸೇರಿ ೧೩ ಭಾಷೆಗಳಿಗೆ ಸ್ಥಾನ ದೊರೆತುದು ಸ್ವಾಗತಾರ್ಹ. ಆದರೆ ಅದು ಪ್ರವೇಶ ಪರೀಕ್ಷೆ. ಅಲ್ಲದೆ ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ ಪರೀಕ್ಷೆ. ಅದರಲ್ಲಿ ವಿದ್ಯಾರ್ಥಿಯು ಒಂದು ವಾಕ್ಯವನ್ನೂ ತಾನಾಗಿ ರಚಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ೨೦೨೧ರ ಪಠ್ಯಕ್ರಮದಲ್ಲಿ ಸ್ಥಾನನಿರ್ಣಯದ ಒಂದು ಸರಳ ರೂಪವನ್ನು ಕಾಣಬಹುದು: ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ಈ ವಿಭಜನೆ ಯುಕ್ತವಾದುದೇ. ಆದರೆ ಕನ್ನಡವನ್ನು ನಿರರ್ಗಳವಾಗಿ ಆಡಬಲ್ಲ, ಕನ್ನಡದಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿದ, ಆದರೂ ಒಂದು ಪುಟದ ವಾದವನ್ನು ಕ್ರಮವಾಗಿ ಬರೆಯಲಾರದ ವಿದ್ಯಾರ್ಥಿಯ ಸ್ಥಾನ ಯಾವುದು? ‘ಬಲ್ಲವರು’, ‘ಬಾರದವರು’ ಎಂಬ ಎರಡೇ ಹೆಸರುಗಳಿಂದ ಈ ಪ್ರಶ್ನೆಗೆ ಉತ್ತರ ದೊರೆಯದು. ಚಿಮ್ಮನಚೋಡದಂಥ ಊರುಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಈ ನಡುವಣ ನೆಲೆಯಲ್ಲಿ ನಿಲ್ಲತಕ್ಕವರು.

೪. ಆಡುಮಾತು ಮತ್ತು ತಪ್ಪು

ಈ ಪ್ರಾಂತದಲ್ಲಿ ಸ್ಥಾನನಿರ್ಣಯ ಪರೀಕ್ಷೆಯನ್ನು ನಡೆಸುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ, ತಪ್ಪೆಂದರೆ ಯಾವುದು ಎಂಬುದು. ಕಲಬುರಗಿಯ ಆಡುಮಾತಿನಲ್ಲಿ ಗ್ರಂಥಭಾಷೆಯ ಪದಾಂತ್ಯದ ಎಕಾರವು ಸಾಮಾನ್ಯವಾಗಿ ಇಕಾರವಾಗುತ್ತದೆ: ಮನೆ ‘ಮನಿ’ ಆಗುತ್ತದೆ, ಶಾಲೆ ‘ಸಾಲಿ’ ಆಗುತ್ತದೆ, ಬೇಳೆ ‘ಬ್ಯಾಳಿ’ ಆಗುತ್ತದೆ. ಚತುರ್ಥಿಯಲ್ಲಿ ‘ಮನೆಗೆ’ ಎಂಬುದು ‘ಮನಿಗಿ’ ಎಂದಾಗುತ್ತದೆ. ‘ಇದೆ’ ಎಂಬಲ್ಲಿ ‘ಅದ’, ‘ಹೋಗಿದ್ದಾನೆ’ ಎಂಬಲ್ಲಿ ‘ಹೋಗ್ಯಾನ’ ಎಂದು ಜನ ಆಡುತ್ತಾರೆ. ಹೊಸ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ ‘ಮನಿ’, ‘ತಲಿ’, ‘ಬೆಳಿ’ ಎಂದು ಹತ್ತು ಕಡೆ ಬರೆದನೆನ್ನೋಣ. ಕೆಂಪು ಶಾಯಿಯ ಪರೀಕ್ಷಕರು ಹತ್ತು ತಪ್ಪುಗಳನ್ನು ಎಣಿಸುತ್ತಾರೆ. ವಾಸ್ತವದಲ್ಲಿ ಅಲ್ಲಿರುವುದು ಒಂದೇ ನಿಯಮ; ಅದನ್ನು ತಿದ್ದಲು ಬೇಕಾದುದು ಒಂದೇ ಪಾಠ. ಅದಕ್ಕೆ ಪ್ರತಿಯಾಗಿ, ಒಂದು ಕಾಗುಣಿತದೋಷವೂ ಇಲ್ಲದ, ಆದರೆ ಮೊದಲ ವಾಕ್ಯಕ್ಕೂ ಎರಡನೆಯ ವಾಕ್ಯಕ್ಕೂ ಸಂಬಂಧವಿಲ್ಲದ ಪ್ರಬಂಧವನ್ನು ತಿದ್ದಲು ಒಂದು ವರ್ಷವೂ ಸಾಲದಿರಬಹುದು.

ತಿದ್ದುವ ಆತುರದಿಂದಲೇ ಹೊಸ ತಪ್ಪುಗಳು ಹುಟ್ಟುವುದೂ ಸಂಭವನೀಯ. ‘ಮನಿ’ ತಪ್ಪು, ‘ಮನೆ’ ಸರಿ ಎಂದು ಮಾತ್ರ ಕೇಳಿ, ಕಾರಣವನ್ನು ತಿಳಿಯದ ವಿದ್ಯಾರ್ಥಿಯು ‘ಹುಲಿ’ಯನ್ನೂ ‘ಹುಲೆ’ ಎಂದು ತಿದ್ದಿಯಾನು. ಇಂಥ ತಪ್ಪು ಅಜ್ಞಾನದ ಗುರುತಲ್ಲ. ನಿಯಮವನ್ನು ಹುಡುಕುತ್ತಿರುವ ಮನಸ್ಸಿನ ಗುರುತು. ಉರ್ದು ಮನೆಮಾತಿನವರ ಬರವಣಿಗೆಯಲ್ಲಿ ಳಕಾರ ಲಕಾರಗಳೂ ಣಕಾರ ನಕಾರಗಳೂ ಬೆರೆತರೆ, ಆ ಭಾಷೆಯಲ್ಲಿ ಳಕಾರ ಣಕಾರಗಳು ಇಲ್ಲದಿರುವುದೇ ಅದಕ್ಕೆ ಕಾರಣ. ಇನ್ನು ‘ದವಾಖಾನೆ’ಯಂಥ ಶಬ್ದಗಳ ವಿಷಯ. ಅರ್ಜಿ, ದಾಖಲೆ, ಜಮೀನು, ಜಿಲ್ಲೆ, ತಾಲ್ಲೂಕು ಎಂಬ ಮಾತುಗಳನ್ನು ಶಿಷ್ಟಕನ್ನಡವೆಂದು ಒಪ್ಪುವ ನಾವು, ಅವುಗಳ ಒಡಹುಟ್ಟಿನಂತಿರುವ ‘ದವಾಖಾನೆ’ಯನ್ನು ದೋಷವೆನ್ನುವುದು ನ್ಯಾಯವಾಗದು.

ಈ ಸಂದರ್ಭದಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದಿನ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಓದು ಕಲಿಯದೆಯೇ ಕಾವ್ಯಪ್ರಯೋಗದಲ್ಲಿ ನಿಪುಣರಾದ ಜನ ಈ ನಾಡಿನಲ್ಲಿರುವರೆಂದು ಆ ಗ್ರಂಥವು ಹೇಳುತ್ತದೆ. ಕನ್ನಡದ ದೇಶಭೇದಗಳು ಎಣಿಕೆಗೆ ಮೀರಿದುವೆಂದೂ ಒಪ್ಪಿಕೊಳ್ಳುತ್ತದೆ. ಆದರೂ ಕನ್ನಡದ ತಿರುಳನ್ನು ಅದು ಗುರುತಿಸಿದುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡಿನಲ್ಲಿ, ಮಾನ್ಯಖೇಟದ ಸುತ್ತಲಲ್ಲ. ಎಂದರೆ, ಆಡುವ ಊರಿನ ಮಾತಿಗೂ ಬರೆಯುವ ಶಿಷ್ಟರೂಪಕ್ಕೂ ಇರುವ ಅಂತರವು ಈ ಪ್ರಾಂತಕ್ಕೆ ಹೊಸದೇನೂ ಅಲ್ಲ. ಶಿಷ್ಟರೂಪವನ್ನು ಎಲ್ಲರೂ ಕಲಿಯಬೇಕೆಂಬುದೂ ನಿಜ, ಅದು ಯಾರಿಗೂ ಹುಟ್ಟಿನಿಂದ ಬಂದುದಲ್ಲವೆಂಬುದೂ ಅಷ್ಟೇ ನಿಜ.

೫. ಮೌಲ್ಯಮಾಪನದ ತೊಡಕು

ಪ್ರಬಂಧಕ್ಕೆ ಅಂಕ ಕೊಡುವವರು ಎಷ್ಟರಮಟ್ಟಿಗೆ ಏಕಾಭಿಪ್ರಾಯರಾಗಿರುತ್ತಾರೆ? ೧೯೬೧ರಲ್ಲಿ ಪಾಲ್ ಡೀಡರಿಕ್ ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ಪ್ರಯೋಗವು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಹೊಸ ಕಾಲೇಜು ವಿದ್ಯಾರ್ಥಿಗಳು ಬರೆದ ೩೦೦ ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಗಳ ೫೩ ಓದುಗರಿಗೆ ಕೊಟ್ಟು, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸುವಂತೆ ಕೇಳಲಾಯಿತು. ಮಾನದಂಡವನ್ನು ಬೇಕೆಂದೇ ತಿಳಿಸಿರಲಿಲ್ಲ. ನೂರಕ್ಕೆ ೯೪ ಪ್ರಬಂಧಗಳು ಏಳಕ್ಕೆ ಕಡಿಮೆಯಿಲ್ಲದಷ್ಟು ಬೇರೆ ಬೇರೆ ದರ್ಜೆಗಳನ್ನು ಪಡೆದುವು. ಯಾವ ಪ್ರಬಂಧವೂ ಐದಕ್ಕಿಂತ ಕಡಿಮೆ ದರ್ಜೆಗಳಲ್ಲಿ ನಿಲ್ಲಲಿಲ್ಲ. ಒಬ್ಬರು ವಿಚಾರವನ್ನು ನೋಡಿದರೆ ಇನ್ನೊಬ್ಬರು ಕ್ರಮವನ್ನು ನೋಡಿದ್ದರು. ಮತ್ತೊಬ್ಬರಿಗೆ ಕಾಗುಣಿತವೇ ಮುಖ್ಯವಾಗಿದ್ದಿತು. ಕೆಲವರು ಶಬ್ದಗಳ ಆಯ್ಕೆಗೆ, ಕೆಲವರು ಬರೆದವರ ಸ್ವಂತಿಕೆಗೆ ಮಾರುಹೋಗಿದ್ದರು.

ಇದರಿಂದ ನಾವು ಕಲಿಯಬೇಕಾದುದು ಎರಡು. ಒಬ್ಬರೇ ಪರೀಕ್ಷಕರು, ಒಂದೇ ಪ್ರಬಂಧವನ್ನು ಒಮ್ಮೆ ಓದಿ ಕೊಟ್ಟ ಅಂಕವನ್ನು ನಂಬಿ ವಿದ್ಯಾರ್ಥಿಯ ಒಂದು ವರ್ಷವನ್ನು ನಿರ್ಧರಿಸಲಾಗದು, ಇದು ಮೊದಲನೆಯದು. ಏನನ್ನು ನೋಡಬೇಕೆಂಬುದನ್ನು ಮೊದಲೇ ಕೂಡಿ ನಿಶ್ಚಯಿಸಿಕೊಂಡು, ಕೆಲವು ಮಾದರಿಗಳನ್ನು ಒಟ್ಟಿಗೆ ಓದಿ, ಅನಂತರ ಇಬ್ಬರು ಪ್ರತ್ಯೇಕವಾಗಿ ಮೌಲ್ಯಮಾಪನ ಮಾಡಿದರೆ ಭೇದವು ಬಹಳಮಟ್ಟಿಗೆ ಕಡಿಮೆಯಾಗುತ್ತದೆ, ಇದು ಎರಡನೆಯದು.

೬. ತಪ್ಪಾದ ಸ್ಥಾನ

ಸ್ಥಾನನಿರ್ಣಯದಲ್ಲಿ ಎರಡು ವಿಧದ ಪ್ರಮಾದಗಳು ಸಾಧ್ಯ. ನೆರವು ಬೇಕಾದವನನ್ನು ನೆರವಿಲ್ಲದ ತರಗತಿಗೆ ಕಳುಹಿಸುವುದು ಒಂದು. ನೆರವು ಬೇಡದವನನ್ನು ಕೆಳಗಿನ ತರಗತಿಯಲ್ಲಿ ಕೂರಿಸುವುದು ಇನ್ನೊಂದು. ಮೊದಲನೆಯದು ಬೇಗನೆ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಆ ವಿದ್ಯಾರ್ಥಿಯು ಅನುತ್ತೀರ್ಣನಾಗುತ್ತಾನೆ. ಎರಡನೆಯದು ಯಾರಿಗೂ ಕಾಣದು. ಆತನು ಕೆಳಗಿನ ತರಗತಿಯಲ್ಲಿ ಉತ್ತೀರ್ಣನಾದರೆ ನಿರ್ಣಯ ಸರಿಯಾಗಿತ್ತೆಂದು ನಾವು ತಿಳಿಯುತ್ತೇವೆ. ಬೇಸತ್ತು ಕಾಲೇಜನ್ನು ಬಿಟ್ಟರೆ, ನಿರೀಕ್ಷಿಸಿದುದೇ ಆಯಿತೆಂದು ಸುಮ್ಮನಾಗುತ್ತೇವೆ.

ಅಮೆರಿಕದ ಸಮುದಾಯ ಕಾಲೇಜುಗಳ ದಾಖಲೆಗಳನ್ನು ಪರಿಶೀಲಿಸಿ ಜೂಡಿತ್ ಸ್ಕಾಟ್-ಕ್ಲೇಟನ್ ಅವರು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಥಾನನಿರ್ಣಯ ಪರೀಕ್ಷೆ ಬರೆದವರಲ್ಲಿ ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, ಇಂಗ್ಲಿಷಿನಲ್ಲಿ ಸುಮಾರು ಮೂವರಲ್ಲಿ ಒಬ್ಬರು ಗಂಭೀರವಾಗಿ ತಪ್ಪಾದ ಸ್ಥಾನವನ್ನು ಪಡೆದಿದ್ದರು. ಅವರಲ್ಲಿ ಹೆಚ್ಚಿನವರು ಕೆಳಗೆ ತಳ್ಳಲ್ಪಟ್ಟವರು. ಪ್ರೌಢಶಾಲೆಯ ನಾಲ್ಕು ವರ್ಷಗಳ ಅಂಕಗಳು ಒಂದು ದಿನದ ಪರೀಕ್ಷೆಗಿಂತ ಹೆಚ್ಚು ನಂಬಿಕೆಗೆ ಅರ್ಹವೆಂದೂ ಅದರಿಂದ ತಿಳಿದುಬಂದಿತು. ೨೦೧೭ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಸಮುದಾಯ ಕಾಲೇಜುಗಳಲ್ಲಿ ಇಂಥ ಅಂಕಗಳಿಗೆ ಪ್ರಾಶಸ್ತ್ಯ ಕೊಡಬೇಕೆಂದು ಕಾನೂನನ್ನೇ ಮಾಡಿತು. ಬಾಲ್ಟಿಮೋರ್ ಪ್ರಾಂತದ ಸಮುದಾಯ ಕಾಲೇಜು ೨೦೦೭ರಿಂದ ಇನ್ನೊಂದು ಮಾರ್ಗವನ್ನು ಹಿಡಿಯಿತು: ಹಿಂದುಳಿದವರನ್ನು ಬೇರೆ ತರಗತಿಗೆ ಕಳುಹಿಸದೆ, ಎಲ್ಲರೊಡನೆ ಸಾಮಾನ್ಯ ತರಗತಿಯಲ್ಲಿಯೇ ಕೂರಿಸಿ, ಅದೇ ಅಧ್ಯಾಪಕರಿಂದ ಹೆಚ್ಚಿನ ಪಾಠವನ್ನು ಕೊಡಿಸುವುದು. ಗ್ರ್ಯಾಂಡ್ ವ್ಯಾಲಿ ಸ್ಟೇಟ್ ವಿಶ್ವವಿದ್ಯಾನಿಲಯವು ೧೯೯೬ರಲ್ಲಿ, ತರಗತಿಗಳ ಸ್ವರೂಪವನ್ನು ವಿವರಿಸಿ ಆಯ್ಕೆಯನ್ನು ವಿದ್ಯಾರ್ಥಿಗೇ ಬಿಟ್ಟುಕೊಟ್ಟಿತು.

ನಮ್ಮ ಪ್ರಾಂತದಲ್ಲಿ ಈ ಎರಡನೆಯ ಪ್ರಮಾದದ ಬೆಲೆ ಇನ್ನೂ ಹೆಚ್ಚು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ, ‘ನೀನು ಕೆಳಗಿನ ತರಗತಿಯವಳು’ ಎಂಬ ಒಂದು ಮಾತು ಸಾಕು. ಮನೆಯಲ್ಲಿ ಅವಳ ಓದನ್ನು ನಿಲ್ಲಿಸಲು ಕಾರಣ ಹುಡುಕುತ್ತಿರುವವರಿಗೆ ಕಾಲೇಜೇ ಒಂದು ಕಾರಣವನ್ನು ಒದಗಿಸಿದಂತಾಗುತ್ತದೆ.

೭. ಆಚರಣೆಗೆ ತರಬಹುದಾದ ಒಂದು ಕ್ರಮ

ಮೇಲಿನ ವಿವೇಚನೆಯ ಆಧಾರದಿಂದ, ತಾಲ್ಲೂಕಿನ ಪದವಿ ಕಾಲೇಜೊಂದು ಹೆಚ್ಚಿನ ವೆಚ್ಚವಿಲ್ಲದೆ ನಡೆಸಬಹುದಾದ ಕ್ರಮವನ್ನು ಇಲ್ಲಿ ಸೂಚಿಸುತ್ತೇವೆ.

ಪ್ರಶ್ನೆಯ ಆಯ್ಕೆಯಲ್ಲಿ ಎಚ್ಚರವಿರಬೇಕು. ‘ರಾಷ್ಟ್ರನಿರ್ಮಾಣದಲ್ಲಿ ಯುವಜನರ ಪಾತ್ರ’ದಂಥ ವಿಷಯಗಳು ಕಂಠಪಾಠದ ವಾಕ್ಯಗಳನ್ನು ಹೊರತರುತ್ತವೆಯೇ ಹೊರತು ಬರೆಯುವ ಶಕ್ತಿಯನ್ನಲ್ಲ. ತೊಗರಿಯ ರಾಶಿಯನ್ನು ಕುರಿತು ಬರೆಯಿರೆಂದರೆ ಚಿಮ್ಮನಚೋಡದವನಿಗೆ ಸುಲಭ. ವಾಡಿಯ ಸಿಮೆಂಟು ಕಾರ್ಖಾನೆಯ ನೌಕರರ ಮಗನಿಗೆ ಕಷ್ಟ. ಶಹಾಬಾದಿನ ಕಲ್ಲುಗಣಿಯನ್ನು ಕುರಿತು ಕೇಳಿದರೆ ಇದು ತಿರುಗುಮುರುಗಾಗುತ್ತದೆ. ಆದುದರಿಂದ ಪ್ರಶ್ನೆಯು ಎಲ್ಲರಿಗೂ ಸಮವಾಗಿ ತೆರೆದಿರಬೇಕು. ಉದಾಹರಣೆಗೆ: ‘ನಿಮ್ಮ ಊರಿನಲ್ಲಿ ನಡೆಯುವ ಯಾವುದಾದರೊಂದು ಕೆಲಸವನ್ನು, ಅದನ್ನು ಎಂದೂ ಕಾಣದವರಿಗೆ ಅರ್ಥವಾಗುವಂತೆ ಮೊದಲಿನಿಂದ ಕೊನೆಯವರೆಗೆ ವಿವರಿಸಿ.’ ಎರಡನೆಯ ಭಾಗದಲ್ಲಿ ಒಂದು ಪುಟದ ಗದ್ಯವನ್ನು ಕೊಟ್ಟು, ‘ಲೇಖಕರ ಅಭಿಪ್ರಾಯವನ್ನು ನಿಮ್ಮ ಮಾತಿನಲ್ಲಿ ಹೇಳಿ, ನೀವು ಒಪ್ಪುವಿರೋ ಇಲ್ಲವೋ, ಏಕೆ ಎಂಬುದನ್ನು ಬರೆಯಿರಿ’ ಎಂದು ಕೇಳಬಹುದು. ಮೊದಲನೆಯದರಿಂದ ಕ್ರಮವೂ ಎರಡನೆಯದರಿಂದ ವಾದಶಕ್ತಿಯೂ ತಿಳಿಯುತ್ತವೆ. ಒಂದೂವರೆ ಗಂಟೆಯ ಕಾಲಾವಕಾಶ ಸಾಕು.

ಅಂಕದ ಶ್ರೇಣಿಯು ೧ರಿಂದ ೪ರವರೆಗೆ ಇರಲಿ. ಸಮಸಂಖ್ಯೆಯ ಶ್ರೇಣಿಯಲ್ಲಿ ನಡುಮಟ್ಟವಿಲ್ಲದಿರುವುದರಿಂದ ಪರೀಕ್ಷಕರು ಯಾವುದಾದರೊಂದು ಕಡೆಗೆ ನಿಲ್ಲಲೇಬೇಕಾಗುತ್ತದೆ. ಓದುವಾಗ ಗಮನಿಸಬೇಕಾದುವು ಈ ಅನುಕ್ರಮದಲ್ಲಿರಲಿ: ವಿಷಯವು ಇದೆಯೇ, ಅದು ಕ್ರಮವಾಗಿ ಸಾಗುತ್ತದೆಯೇ, ವಾಕ್ಯಗಳು ಪೂರ್ಣವಾಗಿವೆಯೇ, ಕಾಗುಣಿತ ಹಾಗೂ ಲೇಖನಚಿಹ್ನೆಗಳು ಹೇಗಿವೆ. ಆಡುಮಾತಿನ ರೂಪಗಳನ್ನು ಅಂಕದಲ್ಲಿ ಎಣಿಸದೆ, ಪುಟದ ಅಂಚಿನಲ್ಲಿ ಗುರುತು ಮಾಡಬೇಕು. ಅವು ಪಾಠಕ್ಕೆ ಒದಗುತ್ತವೆ. ಇಬ್ಬರ ಅಂಕಗಳನ್ನು ಕೂಡಿಸಿದಾಗ ಮೊತ್ತವು ೨ರಿಂದ ೮ರವರೆಗೆ ಬರುತ್ತದೆ. ಇಬ್ಬರ ನಡುವೆ ಒಂದಕ್ಕಿಂತ ಹೆಚ್ಚಿನ ಅಂತರವಿದ್ದರೆ ಮೂರನೆಯವರು ಓದಿ, ತಮ್ಮ ಅಭಿಪ್ರಾಯಕ್ಕೆ ಸಮೀಪವಾದ ಅಂಕದೊಡನೆ ತಮ್ಮದನ್ನು ಕೂಡಿಸಲಿ. ಮೊತ್ತವು ೨ ಅಥವಾ ೩ ಆದವರಿಗೆ ವಾರದಲ್ಲಿ ಎರಡು ಗಂಟೆಗಳ ಹೆಚ್ಚಿನ ಪಾಠ. ೬ ಮತ್ತು ಮೇಲ್ಪಟ್ಟವರಿಗೆ ಸಾಮಾನ್ಯ ತರಗತಿ ಮಾತ್ರ. ೪ ಅಥವಾ ೫ ಬಂದವರ ವಿಷಯದಲ್ಲಿ ಹಿಂದಿನ ತರಗತಿಗಳ ಅಂಕಗಳನ್ನೂ ಮೊದಲ ವಾರದಲ್ಲಿ ತರಗತಿಯಲ್ಲಿ ಬರೆಸಿದ ಇನ್ನೊಂದು ಪ್ರಬಂಧವನ್ನೂ ನೋಡಿ, ವಿದ್ಯಾರ್ಥಿಯೊಡನೆ ಮಾತನಾಡಿ ನಿಶ್ಚಯಿಸುವುದು ಯುಕ್ತ. ಯಾರೂ ಸಾಮಾನ್ಯ ತರಗತಿಯಿಂದ ಹೊರಗುಳಿಯಬಾರದು; ಹೆಚ್ಚಿನ ಪಾಠವು ಅದರ ಜೊತೆಗೇ ನಡೆಯಬೇಕು.

ಇದು ಅಧ್ಯಾಪಕರಿಗೆ ಭಾರವಾಗದೇ ಎಂಬ ಶಂಕೆ ಸಹಜ. ಹೊಸ ವಿದ್ಯಾರ್ಥಿಗಳು ೨೪೦ ಮಂದಿ ಇದ್ದಾರೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು ಉತ್ತರವನ್ನೂ ಇಬ್ಬರು ಓದಿದರೆ ೪೮೦ ವಾಚನಗಳು. ಒಂದಕ್ಕೆ ಮೂರು ನಿಮಿಷಗಳಂತೆ ೧,೪೪೦ ನಿಮಿಷ, ಎಂದರೆ ೨೪ ಗಂಟೆ. ಆರು ಮಂದಿ ಅಧ್ಯಾಪಕರು ಹಂಚಿಕೊಂಡರೆ ತಲೆಗೆ ನಾಲ್ಕು ಗಂಟೆ. ಮಾದರಿಗಳನ್ನು ಒಟ್ಟಿಗೆ ಓದಲು ಅರ್ಧ ದಿನವನ್ನು ಸೇರಿಸಿದರೂ ಒಂದು ದಿನದಲ್ಲಿ ಮುಗಿಯುವ ಕೆಲಸ. ಕನ್ನಡದ ಅಧ್ಯಾಪಕರು ಮಾತ್ರವಲ್ಲದೆ ಇತಿಹಾಸ, ಅರ್ಥಶಾಸ್ತ್ರಗಳ ಅಧ್ಯಾಪಕರೂ ಕುಳಿತು ಓದಿದರೆ ಮತ್ತೊಂದು ಪ್ರಯೋಜನವುಂಟು: ತಮ್ಮ ತರಗತಿಗೆ ಬರುವವರು ಎಲ್ಲಿ ನಿಂತಿದ್ದಾರೆಂಬುದು ವರ್ಷದ ಆರಂಭದಲ್ಲಿಯೇ ಅವರಿಗೆ ತಿಳಿಯುತ್ತದೆ.

ವರ್ಷಾಂತ್ಯದಲ್ಲಿ ಈ ನಿರ್ಣಯಗಳನ್ನು ಪರಾಮರ್ಶಿಸುವುದು ಅವಶ್ಯಕ. ಹೆಚ್ಚಿನ ಪಾಠಕ್ಕೆ ಬಂದವರು ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಬಿಟ್ಟರು, ಎಷ್ಟು ಮಂದಿಗೆ ಆ ಪಾಠ ಬೇಕಾಗಿಯೇ ಇರಲಿಲ್ಲ ಎಂಬುದನ್ನು ಬರೆದಿಡದ ಕಾಲೇಜಿಗೆ ತನ್ನ ಪರೀಕ್ಷೆಯ ಗುಣದೋಷಗಳು ಎಂದಿಗೂ ತಿಳಿಯಲಾರವು. ಪರೀಕ್ಷೆಯು ವಿದ್ಯಾರ್ಥಿಯನ್ನು ಅಳೆಯುವಂತೆ ವರ್ಷದ ಫಲವು ಪರೀಕ್ಷೆಯನ್ನು ಅಳೆಯಬೇಕು.

೮. ಉಪಸಂಹಾರ

ಇಂಗ್ಲಿಷ್ ಬರವಣಿಗೆಯ ವಿಷಯದಲ್ಲಿಯೂ ಈ ತತ್ತ್ವಗಳೇ ಅನ್ವಯಿಸುತ್ತವೆ. ಆದರೆ ಕ್ರಮದಲ್ಲಿ ಕನ್ನಡವು ಮೊದಲಾಗಿರಬೇಕೆಂಬುದು ನಮ್ಮ ಅಭಿಪ್ರಾಯ. ತಾನು ಚೆನ್ನಾಗಿ ಆಡಬಲ್ಲ ಭಾಷೆಯಲ್ಲಿ ವಾದವನ್ನು ಕಟ್ಟಲು ಕಲಿತವನಿಗೆ ಇನ್ನೊಂದು ಭಾಷೆಯಲ್ಲಿ ಕಲಿಯಬೇಕಾಗುವುದು ಆ ಭಾಷೆಯನ್ನು ಮಾತ್ರ. ಮೊದಲನೆಯದರಲ್ಲಿಯೇ ಕಲಿಯದವನು ಎರಡನ್ನೂ ಒಟ್ಟಿಗೆ ಹೊರಬೇಕಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಸ್ಥಾನನಿರ್ಣಯ ಪರೀಕ್ಷೆಯಿಂದ ವಿದ್ಯಾರ್ಥಿಯ ಯೋಗ್ಯತೆ ನಿರ್ಣಯವಾಗುವುದಿಲ್ಲ. ಕಾಲೇಜು ಅವನಿಗೆ ಸಲ್ಲಿಸಬೇಕಾದ ಕರ್ತವ್ಯ ನಿರ್ಣಯವಾಗುತ್ತದೆ. ‘ಮನಿ’ ಎಂದು ಬರೆದವನ ಉತ್ತರಪತ್ರಿಕೆಯಲ್ಲಿ ನಾವು ಓದಬೇಕಾದುದು ಅವನ ಕೊರತೆಯನ್ನಲ್ಲ, ನಮ್ಮ ಮುಂದಿನ ಪಾಠವನ್ನು. ಈ ಪ್ರಾಂತದ ಕಾಲೇಜುಗಳು ಒಂದೆರಡು ವರ್ಷ ಈ ಕ್ರಮವನ್ನು ನಡೆಸಿ, ದೊರೆತ ಫಲವನ್ನು ಪರಸ್ಪರ ಹೋಲಿಸಿ ನೋಡಿದರೆ, ಇಲ್ಲಿ ಸೂಚಿಸಿದ ಅಂಕಗಳ ಮಿತಿಗಳನ್ನು ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಮಾರ್ಗವಾದೀತು.